ಕೆಂಡದ ಬಳಿ ಎರಡು ಸಲ



ಈ ದತ್ತಿ ಉಪನ್ಯಾಸದಲ್ಲಿ ಯಾವ ವಿಷಯದ ಮೇಲೆ ಮಾತಾಡುತ್ತೀರಿ ಎಂದು ಸಂಚಾಲಕರು ಫೋನಿನಲ್ಲಿ ಕೇಳಿದಾಗ ಎರಡು ದಿನ ಕೊಡಿ ಎಂದೆ. ಮಿಷನರಿಗಳ ಕನ್ನಡ ಸೇವೆ, ಕಿಟ್ಟೆಲರ ನಿಘಂಟು, ಬೈಬಲಿನ ಕನ್ನಡ ಇವೆಲ್ಲ ನನ್ನ ಟಿಪ್ಪಣಿ ಪುಸ್ತಕದಲ್ಲಿ ಸಿದ್ಧವಾಗಿಯೇ ಇದ್ದವು. ಅವನ್ನು ಪಕ್ಕಕ್ಕಿಟ್ಟೆ. ಧಾರವಾಡ ಸೀಮೆಯ ಸಭೆಯೊಂದರಲ್ಲಿ ಮೂವತ್ತು ವರ್ಷ ಹಿರಿಯನಾಗಿ ಮನೆ ಮನೆ ಪ್ರಾರ್ಥನೆಗೆ ಹೋಗಿ ಬಂದವನು ನಾನು. ಪ್ರಾರ್ಥನೆ ಮುಗಿದು, ಚಹಾ ಕುಡಿದು, ಚಪ್ಪಲಿ ಮೆಟ್ಟುವ ಹೊತ್ತಿಗೆ ಯಾರಾದರೊಬ್ಬರು ಬಾಗಿಲವರೆಗೆ ಬರುತ್ತಾರೆ. ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ದನಿ ತಗ್ಗಿಸಿ ಕೇಳುತ್ತಾರೆ: “ಅದೇ ಪಾಪ ಮತ್ತ ಮತ್ತ ಮಾಡಾಕತ್ತೀನ್ರಿ. ದೇವ್ರು ಇನ್ನೂ ಕ್ಷಮಾ ಮಾಡ್ತಾನೇನ್ರಿ?”

ಕೇಳಿದವರು ಊರಿಗೆ ಕೆಟ್ಟವರಲ್ಲ. ಭಾನುವಾರ ಆರಾಧನೆ ತಪ್ಪಿಸದವರು, ಉಜ್ಜೀವನ ಕೂಟದಲ್ಲಿ ಅತ್ತವರು, ಡಿಸೆಂಬರ್ 31ರ ರಾತ್ರಿ ಮೊಣಕಾಲೂರಿ ನಿರ್ಧಾರ ಮಾಡಿದವರು. ಒಬ್ಬರಿಗೆ ಕುಡಿತ, ಒಬ್ಬರಿಗೆ ಒಡಹುಟ್ಟಿದವರ ಮೇಲಿನ ಮತ್ಸರ, ಒಬ್ಬ ಹುಡುಗನಿಗೆ ರಾತ್ರಿ ಹೊದಿಕೆಯೊಳಗೆ ಬೆಳಗುವ ಮೊಬೈಲು. ಬಾಗಿಲಲ್ಲಿ ನಿಂತು ನಾನು ಅವರಿಗೆ ಕೊಟ್ಟ ಉತ್ತರಗಳು ಅರ್ಧಂಬರ್ಧ. ಉಳಿದರ್ಧವನ್ನು ಇವತ್ತು ಹೇಳಬೇಕೆಂದು ಬಂದಿದ್ದೇನೆ.

ನನ್ನದನ್ನು ಮೊದಲು ಹೇಳದಿದ್ದರೆ ಉಳಿದ ಮಾತಿಗೆ ತೂಕ ಬರುವುದಿಲ್ಲ. ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸ್ಟೀಲಿನ ತಂಬಿಗೆ ಇದೆ. ಅದರ ಹೊಟ್ಟೆಯಲ್ಲಿ ಹೆಬ್ಬೆರಳು ಕೂರುವಷ್ಟು ಒಂದು ತಗ್ಗು. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಸಂಜೆ ಕುಟುಂಬ ಪ್ರಾರ್ಥನೆ ಮುಗಿಸಿ ಎದ್ದ ಹತ್ತು ನಿಮಿಷದೊಳಗೆ, ಮಗಳ ಗಣಿತದ ಅಂಕ ನೋಡಿ, ನಾನು ಅದನ್ನು ಗೋಡೆಗೆ ಬೀಸಿ ಒಗೆದೆ. ನೀರು ಬೈಬಲಿನ ಮೇಲೂ ಚೆಲ್ಲಿತು. ಅದು ಮೊದಲನೆಯ ಸಲವಲ್ಲ, ಕೊನೆಯದೂ ಆಗಲಿಲ್ಲ. ಸಿಟ್ಟು ನನ್ನ ಪಾಪ. ಅದನ್ನು ನಾನು ಬಹಳ ಕಾಲ ‘ಶಿಸ್ತು’ ಎಂದು ಕರೆದೆ, ‘ನಮ್ಮಪ್ಪನೂ ಹಂಗ ಇದ್ದ’ ಎಂದೆ. ಪ್ರತಿ ಸಲವೂ ಕಣ್ಣೀರು ಹಾಕಿ ಕ್ಷಮೆ ಕೇಳಿದೆ, ಪ್ರತಿ ಸಲವೂ ಇನ್ನು ಮುಂದಿಲ್ಲ ಎಂದು ದೇವರಿಗೆ ಮಾತು ಕೊಟ್ಟೆ. ತಂಬಿಗೆ ಬದಲಾಯಿಸೋಣ ಅಂದಾಗ ಹೆಂಡತಿ, “ತೂತು ಬಿದ್ದಿಲ್ಲಲ್ಲ, ಇರ್ಲಿ ಬಿಡ್ರಿ” ಎಂದಳು. ಅದು ಇನ್ನೂ ಇದೆ.

ಈಗ ಪೇತ್ರನ ಬಳಿಗೆ ಹೋಗೋಣ. ಅವನು ಯೇಸುಸ್ವಾಮಿಯನ್ನು ಅರಿಯೆನೆಂದ ರಾತ್ರಿಯನ್ನು ಯೋಹಾನನು ಬರೆಯುವಾಗ ಒಂದು ಸಣ್ಣ ವಿವರ ಕೊಡುತ್ತಾನೆ. ಚಳಿ ಇತ್ತು, ಮಹಾಯಾಜಕನ ಅಂಗಳದಲ್ಲಿ ಆಳುಗಳು ಕೆಂಡ ಮಾಡಿಕೊಂಡು ಕಾಯಿಸಿಕೊಳ್ಳುತ್ತಿದ್ದರು, ಪೇತ್ರನೂ ಅವರೊಂದಿಗೆ ನಿಂತಿದ್ದ. ಮೂರು ಅಧ್ಯಾಯ ಕಳೆದ ಮೇಲೆ ತಿಬೇರಿಯ ಸಮುದ್ರದ ದಡದಲ್ಲಿ ಮತ್ತೆ ಕೆಂಡ. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮೂಲ ಗ್ರೀಕಿನಲ್ಲಿ ಎರಡು ಕಡೆಯೂ ಇರುವುದು ‘ಆಂಥ್ರಾಕಿಯಾ’ ಎಂಬ ಒಂದೇ ಮಾತು. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಮಾತು ಬರುವುದು ಈ ಎರಡೇ ಕಡೆ. ಅಲ್ಲಿ ಮೂರು ಸಲ ಇಲ್ಲವೆಂದವನನ್ನು ಇಲ್ಲಿ ಮೂರು ಸಲ ಪ್ರೀತಿಯ ಬಗ್ಗೆ ಕೇಳಲಾಗುತ್ತದೆ. ಹೊಗೆಯ ವಾಸನೆ ಮೂಗಿಗೆ ಬಡಿದಾಗ ಪೇತ್ರನಿಗೆ ಏನು ನೆನಪಾಗಿರಬೇಕು ಎಂದು ಯೋಚಿಸುತ್ತೇನೆ. ಸ್ವಾಮಿ ಆ ನೆನಪನ್ನು ಒರೆಸಿ ಹಾಕಲಿಲ್ಲ. ಬಿದ್ದ ಜಾಗಕ್ಕೇ ಕರೆದು ಕೂರಿಸಿ, ಮೊದಲು ಊಟ ಕೊಟ್ಟು, ಆಮೇಲೆ ಪ್ರಶ್ನೆ ಕೇಳಿದರು.

ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಬಿದ್ದ, ಎದ್ದ, ಅಪೊಸ್ತಲನಾದ. ಆದರೆ ಗಲಾತ್ಯದವರಿಗೆ ಬರೆದ ಪತ್ರದ ಎರಡನೇ ಅಧ್ಯಾಯ ತೆರೆದು ನೋಡಿ. ಪಂಚಾಶತ್ತಮದ ಬೆಂಕಿ ಇಳಿದಾಗಿದೆ. ಹಿರೀಸಭೆಯ ಮುಂದೆ ಪೇತ್ರ ಎದೆಗೊಟ್ಟು ಮಾತಾಡಿದ್ದಾನೆ. ಕೊರ್ನೇಲ್ಯನ ಮನೆಯಲ್ಲಿ ಅನ್ಯಜನರೊಂದಿಗೆ ಊಟ ಮಾಡಿ, ಅದಕ್ಕಾಗಿ ಯೆರೂಸಲೇಮಿನಲ್ಲಿ ವಾದವನ್ನೂ ಮಾಡಿದ್ದಾನೆ. ಅಂಥ ಪೇತ್ರ ಅಂತಿಯೋಕ್ಯದಲ್ಲಿ ಅನ್ಯಜನರಿಂದ ಬಂದ ವಿಶ್ವಾಸಿಗಳೊಂದಿಗೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು, ಯಾಕೋಬನ ಕಡೆಯಿಂದ ಕೆಲವರು ಬಂದ ಕೂಡಲೇ ಹಿಂದೆ ಸರಿದ. ಬಂದವರು ಏನೆಂದುಕೊಂಡಾರೋ ಎಂಬ ಭಯ. ಆ ರಾತ್ರಿ ಮಹಾಯಾಜಕನ ಮನೆಯ ಬಾಗಿಲು ಕಾಯುವ ಹುಡುಗಿಯ ಮುಂದೆ ನಾಲಿಗೆ ಹೊರಳಿಸಿದ ಭಯವೇ ಇದು; ಹದಿನೈದಿಪ್ಪತ್ತು ವರ್ಷದ ಮೇಲೆ, ಬೇರೆ ಅಂಗಿ ತೊಟ್ಟು ಬಂದಿದೆ. ನ್ಯಾಯಾಧಿಪತಿಗಳಿಗೆ ಹೆದರದವನು ತನ್ನವರಿಗೆ ಹೆದರಿದ. ಪೌಲ ಅದನ್ನು ಅವನ ಮುಖ ನೋಡಿಯೇ ಹೇಳಿ ಬೈದ.

ಹಾಗಾದರೆ ಸಮುದ್ರದ ದಡದಲ್ಲಿ ಆದದ್ದು ಸುಳ್ಳೆ? ಖಂಡಿತ ಅಲ್ಲ. ಕ್ಷಮೆ ಒಂದೇ ಮುಂಜಾನೆ ಸಿಕ್ಕಿತು, ಪೂರ್ತಿಯಾಗಿ ಸಿಕ್ಕಿತು. ಗುಣವಾಗುವುದಕ್ಕೆ ಮಾತ್ರ ಕಾಲ ಹಿಡಿಯಿತು. ಇವೆರಡನ್ನು ಗಂಟು ಹಾಕಿಕೊಂಡು ನಮ್ಮ ಜನ ಬಹಳ ನರಳುತ್ತಾರೆ. ಗುಣವಾಗದ್ದನ್ನು ಕಂಡು ಕ್ಷಮೆಯೇ ಸಿಗಲಿಲ್ಲವೇನೋ ಎಂದು ಕಂಗಾಲಾಗುತ್ತಾರೆ; ಇನ್ನು ಕೆಲವರು ಕ್ಷಮೆ ಸಿಕ್ಕಿತಲ್ಲ ಎಂದು ಗುಣವಾಗುವ ಗೊಡವೆಗೇ ಹೋಗುವುದಿಲ್ಲ. 1517ರಲ್ಲಿ ಲೂಥರ್ ತನ್ನ 95 ಪ್ರಮೇಯಗಳನ್ನು ಹೊರಡಿಸಿದಾಗ ಮೊದಲನೆಯದರಲ್ಲೇ ಹೇಳಿದ್ದು ಪಶ್ಚಾತ್ತಾಪ ವಿಶ್ವಾಸಿಯ ಇಡೀ ಬದುಕಿನ ಕೆಲಸ ಎಂದು. ನಮ್ಮ ಕನ್ನಡ ಬೈಬಲು ಇದಕ್ಕೆ ಎಷ್ಟು ಒಳ್ಳೆಯ ಮಾತು ಹಿಡಿದಿದೆ ನೋಡಿ: ತಿರುಗಿಕೊಳ್ಳುವುದು. ಬೇರೆ ಅನುವಾದದ ‘ಮಾನಸಾಂತರ’ ಮನಸ್ಸಿನೊಳಗೆ ಆಗುವ ಘಟನೆಯಂತೆ ಕೇಳಿಸುತ್ತದೆ. ‘ತಿರುಗಿಕೊಳ್ಳುವುದು’ ಕಾಲಿನ ಕೆಲಸ. ದಾರಿ ತಪ್ಪಿದಷ್ಟು ಸಲ ತಿರುಗಲೇಬೇಕು.

ತಿರುಗುವುದು ಹೇಗೆ ಎಂಬಲ್ಲಿ ಸಂತ ಅಗಸ್ಟೀನರಿಗಿಂತ ಒಳ್ಳೆಯ ಗುರು ನನಗೆ ಸಿಕ್ಕಿಲ್ಲ. 354ರಲ್ಲಿ ಉತ್ತರ ಆಫ್ರಿಕದ ತಗಾಸ್ತೆಯಲ್ಲಿ, ಅಂದರೆ ಇಂದಿನ ಅಲ್ಜೀರಿಯದಲ್ಲಿ, ಹುಟ್ಟಿದವರು. ಅವರ ‘ಕನ್ಫೆಷನ್ಸ್’ನಲ್ಲಿ ಅವರ ಕಥೆಯ ಜೊತೆಗೆ ಗೆಳೆಯ ಅಲಿಪಿಯಸ್‌ನ ಕಥೆಯೂ ಇದೆ. ಮೊಬೈಲಿನ ಹುಡುಗನಿಗೆ ನಾನು ಹೇಳಿದ್ದು ಅದನ್ನೇ.

ಅಲಿಪಿಯಸ್‌ಗೆ ಕಾರ್ಥೇಜಿನಲ್ಲಿದ್ದಾಗ ರಥದ ಪಂದ್ಯಗಳ ಹುಚ್ಚಿತ್ತು. ಒಂದು ದಿನ ಅಗಸ್ಟೀನರು ಪಾಠದ ನಡುವೆ ಯಾವುದೋ ಉದಾಹರಣೆಗಾಗಿ ಆ ಹುಚ್ಚನ್ನು ಆಡಿಕೊಂಡರು. ಇವನ ಮೇಲೆ ಗುರಿಯಿಟ್ಟು ಆಡಿದ್ದಲ್ಲ. ಇವನು ತನಗೇ ಹೇಳಿದರೆಂದುಕೊಂಡು ಬಿಟ್ಟುಬಿಟ್ಟ. ಆಮೇಲೆ ಕಾನೂನು ಓದಲು ರೋಮಿಗೆ ಹೋದ. ಅಲ್ಲಿ ಗೆಳೆಯರು ಊಟ ಮುಗಿಸಿ ಬರುವಾಗ ದಾರಿಯಲ್ಲಿ ಇವನನ್ನು ಹಿಡಿದು, ಗ್ಲಾಡಿಯೇಟರುಗಳು ಒಬ್ಬರನ್ನೊಬ್ಬರು ಕೊಲ್ಲುವ ಆಟಕ್ಕೆ ಎಳೆದುಕೊಂಡು ಹೋದರು. ದೇಹ ಎಳೆಯಬಹುದು, ಮನಸ್ಸು ಎಳೆಯಲಾರಿರಿ ಎಂಬಂಥ ಮಾತಾಡಿ ಅವನು ಹೋಗಿ ಕುಳಿತ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ. ಕಿವಿ ಮುಚ್ಚಲಿಲ್ಲ. ಅಖಾಡದಲ್ಲಿ ಒಬ್ಬ ಬಿದ್ದ. ಸಾವಿರಾರು ಗಂಟಲು ಒಮ್ಮೆಲೇ ಕೂಗಿತು. ಏನಾಯಿತೆಂದು ನೋಡಿದರೂ ತಾನು ಗೆಲ್ಲಬಲ್ಲೆನೆಂಬ ಧೈರ್ಯದಲ್ಲಿ ಕಣ್ಣು ತೆರೆದ. ಆಮೇಲೆ ಕಣ್ಣು ಮುಚ್ಚಲಿಲ್ಲ. ರಕ್ತ ನೋಡುತ್ತ ತಾನೂ ಕೂಗಿದ, ಮತ್ತೆ ಬಂದ, ಮುಂದಕ್ಕೆ ಬೇರೆಯವರನ್ನೂ ಕರೆತಂದ.

ಅಗಸ್ಟೀನರು ಇದಕ್ಕೆ ಕೊಡುವ ಕಾರಣ ಗಮನಿಸಬೇಕಾದದ್ದು. ಅವನು ಕೆಟ್ಟದ್ದನ್ನು ಬಯಸಿ ಹೋಗಲಿಲ್ಲ. ದೇವರ ಮೇಲೆ ಭಾರ ಹಾಕಬೇಕಾದಲ್ಲಿ ತನ್ನ ಗಟ್ಟಿತನದ ಮೇಲೆ ಹಾಕಿ ಹೋದ. ಗೆದ್ದು ತೋರಿಸುತ್ತೇನೆಂದು ಪಾಪದ ಪಕ್ಕದಲ್ಲೇ ಹೋಗಿ ಕೂರುವವರು ನಾವೆಲ್ಲ. ಸಿಟ್ಟು ಬರುವ ಮಾತನ್ನೇ ಎತ್ತಿ, ಈ ಸಲ ನಾನು ಶಾಂತವಾಗಿರುತ್ತೇನೆ ನೋಡು ಎಂದು ಎಷ್ಟು ಸಲ ನಾನು ಅಂದುಕೊಂಡಿದ್ದೇನೆ! ಫೋನು ದಿಂಬಿನ ಕೆಳಗಿಟ್ಟುಕೊಂಡು ಪ್ರಾರ್ಥನೆ ಮಾಡುವ ಹುಡುಗನಿಗೆ ನಾನು ಮೊದಲು ಹೇಳುವುದು, ಫೋನನ್ನು ಅಮ್ಮನ ಕೋಣೆಯಲ್ಲಿಟ್ಟು ಬಾ, ಪ್ರಾರ್ಥನೆ ಆಮೇಲೆ. ಶೋಧನೆಯೊಳಗೆ ಸೇರಿಸಬೇಡ ಎಂದು ಕೇಳಲು ಕಲಿಸಿದ ಸ್ವಾಮಿ, ಶೋಧನೆಯನ್ನು ಗೆದ್ದು ಮೆರೆಯಲು ಕಲಿಸಲಿಲ್ಲ.

ಅಗಸ್ಟೀನರ ಸ್ವಂತ ಸರಪಳಿ ಬೇರೆ. ಅದರ ಕೊಂಡಿಗಳನ್ನು ಅವರು ಅಕ್ಕಸಾಲಿಗನಂತೆ ಬಿಡಿಸಿಟ್ಟಿದ್ದಾರೆ: ತಿರುಚಿದ ಇಚ್ಛೆಯಿಂದ ಆಸೆ ಹುಟ್ಟಿತು, ಆಸೆಗೆ ಮಣಿದಾಗ ರೂಢಿಯಾಯಿತು, ರೂಢಿಯನ್ನು ತಡೆಯದೆ ಬಿಟ್ಟಾಗ ಅದಿಲ್ಲದೆ ಆಗದು ಎಂಬ ಸ್ಥಿತಿ ಬಂತು. ಕಬ್ಬಿಣ ಬೇರೆ ಯಾರದೂ ಅಲ್ಲ, ತನ್ನದೇ. ಬೆಳಿಗ್ಗೆ ಎಚ್ಚರವಾದರೂ ಇನ್ನೊಂದು ಗಳಿಗೆ ಎಂದು ಮಗ್ಗಲು ಬದಲಿಸುವವನಂತೆ ವರ್ಷಗಳನ್ನು ಕಳೆದರು. ಹರೆಯದಲ್ಲಿ ಪರಿಶುದ್ಧತೆಗಾಗಿ ಪ್ರಾರ್ಥಿಸುವಾಗಲೇ ದೇವರು ಅದನ್ನು ಬೇಗ ಕೊಟ್ಟುಬಿಟ್ಟಾರೆಂದು ಒಳಗೊಳಗೇ ಹೆದರಿದ್ದರಂತೆ. 386ರಲ್ಲಿ ಮಿಲಾನಿನ ತೋಟದಲ್ಲಿ ಮಗುವಿನ ದನಿ ಕೇಳಿ, ಪೌಲನ ಪತ್ರ ತೆರೆದು ಓದಿ, ಆ ಸರಪಳಿ ಬಿದ್ದ ಕಥೆ ನಿಮಗೆ ಗೊತ್ತು. ನಾನು ನೋಡಿಕೊಳ್ಳುವುದು ತೋಟದಲ್ಲಿ ಇನ್ನೊಬ್ಬ ಇದ್ದ ಎಂಬುದನ್ನು. ಅಲಿಪಿಯಸ್ ಅಲ್ಲೇ ಇದ್ದ. ಓದಿದ ಮೇಲೆ ಅಗಸ್ಟೀನರು ಪುಸ್ತಕದಲ್ಲಿ ಗುರುತಿಟ್ಟು ಮುಚ್ಚಿ ಅವನಿಗೆ ಹೇಳಿದರು. ಅವನು ಮುಂದಿನ ವಾಕ್ಯ ಓದಿ, ನಂಬಿಕೆಯಲ್ಲಿ ಬಲವಿಲ್ಲದವನನ್ನು ಸೇರಿಸಿಕೊಳ್ಳಿ ಎಂಬ ಆ ಮಾತು ತನ್ನದೆಂದು ಹಿಡಿದ. 387ರ ಈಸ್ಟರಿನಲ್ಲಿ ಇಬ್ಬರಿಗೂ ಸಂತ ಆಂಬ್ರೋಸರಿಂದ ದೀಕ್ಷಾಸ್ನಾನವಾಯಿತು. ರಕ್ತದಾಟ ನೋಡಿ ಕೂಗಿದ ಆ ಅಲಿಪಿಯಸ್ ಮುಂದೆ ತಗಾಸ್ತೆಯ ಬಿಷಪರಾದರು.

ಹತ್ತು ವರ್ಷ ಮುಂದಕ್ಕೆ ಬನ್ನಿ. ಅಗಸ್ಟೀನರು ಈಗ ಹಿಪ್ಪೋದ ಬಿಷಪರು. ‘ಕನ್ಫೆಷನ್ಸ್’ನ ಹತ್ತನೇ ಪುಸ್ತಕದಲ್ಲಿ ಹಳೆಯ ಬಾಳನ್ನು ಬಿಟ್ಟು, ಬರೆಯುತ್ತಿರುವ ಹೊತ್ತಿನಲ್ಲಿ ತಮ್ಮ ಸ್ಥಿತಿ ಹೇಗಿದೆ ಎಂದು ಹೇಳುತ್ತಾರೆ. ಹಳೆಯ ಚಿತ್ರಗಳು ಕನಸಿನಲ್ಲಿ ಇನ್ನೂ ಬರುತ್ತವೆ. ಊಟದಲ್ಲಿ ಹಸಿವು ಎಲ್ಲಿ ಮುಗಿದು ಚಪಲ ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಕೀರ್ತನೆ ಹಾಡುವಾಗ ಮಾತಿಗಿಂತ ರಾಗ ಹೆಚ್ಚು ಎಳೆಯುತ್ತದೆ. ಜನ ಹೊಗಳಿದರೆ ಹಿತವಾಗುತ್ತದೆ. ಇವುಗಳ ನಡುವೆ ಬರುತ್ತದೆ ಹಲ್ಲಿ! ಮನೆಯಲ್ಲಿ ಕೂತಿರುವಾಗ ಹಲ್ಲಿ ನೊಣ ಹಿಡಿಯುವುದನ್ನೋ, ಜೇಡ ಬಲೆಯಲ್ಲಿ ನೊಣ ಸುತ್ತುವುದನ್ನೋ ನೋಡುತ್ತ ಮನಸ್ಸು ದೇವರಿಂದ ಜಾರಿಹೋಗುತ್ತದೆ ಎಂದು ಅವರು ಅರಿಕೆ ಮಾಡಿಕೊಳ್ಳುತ್ತಾರೆ. ಇದನ್ನು ಮೊದಲು ಓದಿದಾಗ ಇದೇನು ಅತಿ ಎನ್ನಿಸಿತ್ತು. ಈಗ ಹಾಗನ್ನಿಸುವುದಿಲ್ಲ. ದೀಪ ಚಿಕ್ಕದಿದ್ದಾಗ ಕೋಣೆಯ ಮಂಚ, ಪೆಟ್ಟಿಗೆ ಕಾಣುತ್ತವೆ. ದೀಪ ದೊಡ್ಡದಾದಾಗ ಮೂಲೆಯ ಧೂಳು ಕಾಣುತ್ತದೆ. ಬಾಗಿಲಿಗೆ ಬಂದು ಕೇಳಿದವರಿಗೆ ನಾನು ಹೇಳಬೇಕಾಗಿದ್ದ, ಹೇಳದೆ ಬಿಟ್ಟ ಮಾತು ಇದು: ನಿಮಗೆ ಮೊದಲಿಗಿಂತ ಹೆಚ್ಚು ಪಾಪ ಕಾಣುತ್ತಿದ್ದರೆ, ಅದು ನೀವು ಹಿಂದೆ ಬಿದ್ದದ್ದರ ಗುರುತಾಗಿರಲೇಬೇಕೆಂದಿಲ್ಲ. ಬೆಳೆಯುತ್ತಿರುವುದರ ಗುರುತೂ ಆಗಿರಬಹುದು.

ಕಾಣದ ಪಾಪ ಎಷ್ಟು ಭಯಂಕರವಾಗಿರಬಹುದೆಂಬುದಕ್ಕೆ ಜಾನ್ ನ್ಯೂಟನ್ ಸಾಕ್ಷಿ. ‘ಅಮೇಜಿಂಗ್ ಗ್ರೇಸ್’ ಬರೆದವರು. 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಯಲ್ಲಿ ಹಡಗು ಮುಳುಗುವಂತಾದಾಗ ದೇವರನ್ನು ಕೂಗಿಕೊಂಡರು. ಬದುಕಿದ ಮೇಲೆ ಆ ದಿನವನ್ನು ಜೀವನಪರ್ಯಂತ ನೆನೆದರು. ಬಾಯಲ್ಲಿ ಸದಾ ಇದ್ದ ದೇವನಿಂದೆ, ಹೊಲಸು ಬೈಗುಳ ಬಿಟ್ಟವು. ಆದರೆ 1750ರಿಂದ 1754ರವರೆಗೆ ಅವರೇ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನರು. ಮೇಲೆ ನಾವಿಕರಿಗೆ ಭಾನುವಾರದ ಆರಾಧನೆ ನಡೆಸುತ್ತಿದ್ದರು. ಕೆಳಗೆ ಮನುಷ್ಯರು ಸರಪಳಿಯಲ್ಲಿ ಬಿದ್ದಿದ್ದರು. ಅವರು ಸಮುದ್ರ ಬಿಟ್ಟದ್ದು ಕಾಯಿಲೆಯಿಂದ, ಮನಸ್ಸಾಕ್ಷಿಯಿಂದಲ್ಲ. 1764ರಲ್ಲಿ ಬೋಧಕರಾದರು, ಹಾಡು ಬರೆದರು, ಎಷ್ಟೋ ಜನರ ಕಣ್ಣೀರು ಒರೆಸಿದರು. ಗುಲಾಮ ವ್ಯಾಪಾರದ ಕ್ರೌರ್ಯವನ್ನು ಬಿಚ್ಚಿಟ್ಟು, ಅದರಲ್ಲಿ ತಮ್ಮ ಕೈಯಿತ್ತೆಂದು ಒಪ್ಪಿಕೊಂಡು ಪುಸ್ತಿಕೆ ಅಚ್ಚು ಹಾಕಿಸಿದ್ದು 1788ರಲ್ಲಿ. ಬಿರುಗಾಳಿಯಿಂದ ಲೆಕ್ಕ ಹಾಕಿ: ನಲವತ್ತು ವರ್ಷ. ಈ ಅರಿಕೆ ತಡವಾಯಿತೆಂದು ಅವರೇ ಬರೆದರು. ಬ್ರಿಟಿಷ್ ಸಂಸತ್ತು ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ, ವರ್ಷದ ಕೊನೆಗೆ, ತೀರಿಕೊಂಡರು.

ನ್ಯೂಟನ್ನರನ್ನು ಓದುವಾಗ ನಮ್ಮ ಸಭೆಗಳು ಕಣ್ಣ ಮುಂದೆ ಬರುತ್ತವೆ. ನಾವು ಸಿಗರೇಟು ಸೇದಿದವನನ್ನು ಕರೆದು ಬುದ್ಧಿ ಹೇಳುತ್ತೇವೆ. ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಕುಡಿದು ಹೋದವರು ಮನೆಯಲ್ಲಿ ಮಗಳಿಗೆ ಗಂಡು ನೋಡುವಾಗ ಮೊದಲು ಕೇಳುವುದು ಅವರ ಮೂಲ ಜಾತಿ ಯಾವುದು ಎಂದು. ಅಂತಿಯೋಕ್ಯದ ಪಂಕ್ತಿ ಇನ್ನೂ ಎದ್ದಿಲ್ಲ. ವರದಕ್ಷಿಣೆಯನ್ನು ‘ಅವರಾಗಿ ಕೊಟ್ಟದ್ದು’ ಎನ್ನುತ್ತೇವೆ. ಇವು ಪಾಪವೆಂದು ಎದೆ ಬಡಿದುಕೊಂಡು ಅತ್ತವರನ್ನು ಉಜ್ಜೀವನ ಕೂಟದಲ್ಲಿ ನಾನು ಕಂಡಿಲ್ಲ. ಒಬ್ಬೊಬ್ಬನ ಪಾಪವನ್ನು ಅವನಿಗೆ ಮನಸ್ಸು ಚುಚ್ಚಿ ಹೇಳೀತು. ಎಲ್ಲರೂ ಸೇರಿ ಮಾಡುವ ಪಾಪಕ್ಕೆ ಚುಚ್ಚುವವರು ಬೇಕು, ಪೌಲನಂತೆ ಮುಖ ನೋಡಿ ಹೇಳುವವರು ಬೇಕು.

ಮುಖ ನೋಡಿ ಹೇಳುವವರು ಬೇಕೆಂಬ ಮಾತಿಗೆ ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನಮ್ಮ ಕಡೆ ಕರ್ಕಿ ಎನ್ನುವ ಗರಿಕೆ ಹುಲ್ಲು ರೈತನಿಗೆ ಗೊತ್ತು. ಮೇಲೆ ಕೊಯ್ದಷ್ಟೂ ಚಿಗುರುತ್ತದೆ. ತುಂಡಾದ ಗಣ್ಣೂ ಬೇರು ಬಿಡುತ್ತದೆ. ಬೇಸಿಗೆಯಲ್ಲಿ ಆಳವಾಗಿ ಹೊಲ ಹೊಡೆದು, ಗಡ್ಡೆಯನ್ನು ಮಣ್ಣ ಮೇಲೆ ತಂದು, ಬಿಸಿಲಿಗೆ ಬಿಟ್ಟರೆ ಒಣಗುತ್ತದೆ. ಒಂದೇ ಬೇಸಿಗೆಗೆ ಮುಗಿಯುವುದಿಲ್ಲ. ನಾನು ಇಪ್ಪತ್ತು ವರ್ಷ ನನ್ನ ಸಿಟ್ಟನ್ನು ದೇವರಿಗೊಬ್ಬನಿಗೇ ಹೇಳಿ, ಆ ಹುಲ್ಲಿನಂತೆ ಮೇಲೆ ಮೇಲೆ ಕೊಯ್ಯುತ್ತಿದ್ದೆ. ಯಾಕೋಬನ ಪತ್ರ ಒಬ್ಬರಿಗೊಬ್ಬರು ಪಾಪ ಅರಿಕೆ ಮಾಡಿಕೊಳ್ಳಿ ಎನ್ನುವುದನ್ನು ನೂರು ಸಲ ಓದಿದ್ದೆ. ಅದು ಕಥೋಲಿಕರ ಪಾಪನಿವೇದನೆಯ ವಿಷಯ, ನಮ್ಮದಲ್ಲ ಎಂದು ದಾಟಿಬಿಡುತ್ತಿದ್ದೆ. ಜಾನ್ ವೆಸ್ಲಿಯವರು 1738ರ ಡಿಸೆಂಬರ್ 25ರಂದು ತಮ್ಮ ಚಿಕ್ಕ ಗುಂಪುಗಳಿಗೆ ನಿಯಮ ಬರೆದಾಗ, ವಾರಕ್ಕೊಮ್ಮೆ ಸೇರಿ, ಕಳೆದ ಸಲ ಸೇರಿದಂದಿನಿಂದ ಗೊತ್ತಿದ್ದೂ ಮಾಡಿದ ಪಾಪ ಯಾವುದೆಂದು ಪರಸ್ಪರ ಕೇಳಬೇಕೆಂದು ಇಟ್ಟಿದ್ದರು. ಅದನ್ನು ಓದಿದ ಮೇಲೆ ನೆಪ ಉಳಿಯಲಿಲ್ಲ.

ನಮ್ಮ ಸಭೆಯಲ್ಲಿ ಹೊಲಿಗೆ ಕೆಲಸ ಮಾಡುವ ಒಬ್ಬ ಗೆಳೆಯನಿದ್ದಾನೆ, ನನಗಿಂತ ಹನ್ನೆರಡು ವರ್ಷ ಚಿಕ್ಕವನು. ಒಂದು ಶನಿವಾರ ಸಂಜೆ ಅವನ ಅಂಗಡಿಯಲ್ಲಿ ಕೂತು ತಂಬಿಗೆಯ ಕಥೆ ಹೇಳಿದೆ. ಹೇಳುವಾಗ ನನ್ನ ಕೈ ನಡುಗುತ್ತಿತ್ತು. ಅವನು ಮಷಿನ್ ನಿಲ್ಲಿಸಿ ಕೇಳಿದ, ಪೂರ್ತಿ ಕೇಳಿದ, ಬೋಧನೆ ಮಾಡಲಿಲ್ಲ. ಅಂದಿನಿಂದ ಪ್ರತಿ ಶನಿವಾರ ಅವನದು ಒಂದೇ ಪ್ರಶ್ನೆ: “ಸರ್, ಈ ವಾರ ಮನ್ಯಾಗ ದನಿ ಏರ್ಸಿದ್ರೇನು?” ಮೊದಲ ವರ್ಷ ಹೌದೆಂದದ್ದೇ ಹೆಚ್ಚು. ಮೂರನೇ ವರ್ಷದ ಹೊತ್ತಿಗೆ ಬುಧವಾರ ಗುರುವಾರವೇ, ಶನಿವಾರ ಇವನಿಗೆ ಏನು ಹೇಳಲಿ ಎಂದು ನೆನಪಾಗಿ ಬಾಯಿ ಮುಚ್ಚಿದ್ದುಂಟು. ಅದು ಮನುಷ್ಯನ ಭಯವಲ್ಲವೆ ಎಂದು ನೀವು ಕೇಳಬಹುದು. ಕೃಪೆ ಇಂಥ ಸಣ್ಣ ಸಂದಿಯಿಂದಲೂ ಒಳಗೆ ಬರುತ್ತದೆಂದು ನಾನು ನಂಬುತ್ತೇನೆ. ಸಿಟ್ಟು ಈಗಲೂ ಏರುತ್ತದೆ, ಆದರೆ ಕೈ ಏರುವುದಿಲ್ಲ. ಮಗಳ ಹತ್ತಿರ ಕ್ಷಮೆ ಕೇಳಿದ್ದೂ ಅವನು ಒತ್ತಾಯಿಸಿದ್ದಕ್ಕೆ. ದೇವರ ಹತ್ತಿರ ಕೇಳಿದರೆ ಸಾಲದು, ಯಾರ ಎದೆಗೆ ಬಿತ್ತೋ ಅವರ ಹತ್ತಿರ ಕೇಳ್ರಿ ಎಂದ. ಮಗಳು ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ, “ಪಪ್ಪಾ, ನಂಗ ಈಗೂ ಗಣಿತ ಅಂದ್ರ ಎದಿ ಹೊಡ್ಕೋತದ” ಎಂದಳು. ಕ್ಷಮಿಸಿದ್ದೇನೆ ಎಂದು ಆ ದಿನ ಹೇಳಲಿಲ್ಲ. ಹೇಳಬೇಕೆಂದು ಕೇಳುವ ಹಕ್ಕು ನನಗಿರಲಿಲ್ಲ.

ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಗುಣವಾಗಲು ಕಾಲ ಹಿಡಿಯುತ್ತದೆ ಎಂಬ ನನ್ನ ಮಾತನ್ನು ಹೊಡೆಯುವ ಗಂಡ ತನ್ನ ಪರವಾಗಿ ಬಳಸಿಕೊಳ್ಳಬಾರದು. ಅವನು ಗುಣವಾಗುವವರೆಗೆ ಹೆಂಡತಿ ತಾಳಿಕೊಂಡಿರಲಿ ಎಂದು ಸಭೆಯ ಹಿರಿಯರು ಹೇಳುವುದುಂಟು. ಅದು ದೊಡ್ಡ ಪಾಪ. ಅವಳನ್ನು ಮೊದಲು ಸುರಕ್ಷಿತ ಜಾಗಕ್ಕೆ ಸೇರಿಸಬೇಕು. ಕುಡಿತದ ಚಟ ಹತ್ತಿದವರನ್ನು ಉಪವಾಸ ಪ್ರಾರ್ಥನೆಗೆ ಕೂರಿಸುವ ಜೊತೆಗೆ ವೈದ್ಯರ ಬಳಿಗೂ ಕರೆದೊಯ್ಯಬೇಕು. ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಅಪಾಯವಾಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ. ಮದ್ದು ಕೊಡುವವನ ಕೈಯೂ ದೇವರದೇ.

ಮತ್ತೆ ಆ ಬಾಗಿಲ ಪ್ರಶ್ನೆಗೆ ಬರುತ್ತೇನೆ. ದೇವರು ಇನ್ನೂ ಕ್ಷಮಿಸುತ್ತಾನೆಯೇ? ಎಷ್ಟು ಸಲ ಕ್ಷಮಿಸಲಿ, ಏಳು ಸಲವೇ ಎಂದು ಸ್ವಾಮಿಯನ್ನು ಕೇಳಿದವನು ಇದೇ ಪೇತ್ರ. ಏಳಲ್ಲ, ಎಪ್ಪತ್ತೇಳು ಸಲ ಎಂಬ ಸ್ವಾಮಿಯ ಉತ್ತರ ಎಲ್ಲರಿಗಿಂತ ಹೆಚ್ಚು ತನಗೇ ಬೇಕಾಗುತ್ತದೆಂದು ಅವನಿಗೆ ಆಗ ಗೊತ್ತಿರಲಿಲ್ಲ. ಅಂತಿಯೋಕ್ಯದಲ್ಲಿ ಪೌಲ ಬೈದ ಮೇಲೆ ಅವನು ಏನೆಂದ ಎಂಬುದು ಬೈಬಲಿನಲ್ಲಿ ಇಲ್ಲ. ಆದರೆ ಅವನ ಹೆಸರಿನಲ್ಲಿರುವ ಎರಡನೇ ಪತ್ರದ ಕೊನೆಯಲ್ಲಿ ಪೌಲನನ್ನು ಪ್ರಿಯ ಸಹೋದರನೆಂದು ಕರೆದಿರುವುದು ಇದೆ.

ಕೊನೆಗೆ ಹಿಪ್ಪೋದ ಆ ಮನೆಗೆ ಇನ್ನೊಮ್ಮೆ ಹೋಗೋಣ. 430ನೇ ಇಸವಿ. ವ್ಯಾಂಡಲರ ಸೈನ್ಯ ಪಟ್ಟಣವನ್ನು ಮುತ್ತಿದೆ. ಒಳಗೆ 75 ವರ್ಷದ ಅಗಸ್ಟೀನರು ಜ್ವರದಲ್ಲಿ ಮಲಗಿದ್ದಾರೆ. ದೀಕ್ಷಾಸ್ನಾನವಾಗಿ 43 ವರ್ಷವಾಗಿದೆ. ಅವರೊಂದಿಗೆ ಬಹುಕಾಲ ಬಾಳಿದ ಪೊಸಿಡಿಯಸ್ ಬರೆದಿಟ್ಟಿದ್ದಾರೆ: ದಾವೀದನ ಪಶ್ಚಾತ್ತಾಪದ ಕೀರ್ತನೆಗಳನ್ನು ಹಾಳೆಗಳ ಮೇಲೆ ನಕಲು ಮಾಡಿಸಿ, ಮಲಗಿದಲ್ಲಿಂದ ಕಾಣುವಂತೆ ಗೋಡೆಗೆ ತೂಗುಹಾಕಿಸಿ, ಓದಿ ಓದಿ ಅವರು ಅಳುತ್ತಿದ್ದರು. ಸಾಯುವ ಹತ್ತು ದಿನ ಮೊದಲು, ಇನ್ನು ಯಾರೂ ಒಳಗೆ ಬರಬೇಡಿ ಎಂದರು. ಆಮೇಲೆ ಆ ಬಾಗಿಲು ತೆರೆದದ್ದು ವೈದ್ಯರು ಬಂದಾಗ, ಊಟ ತಂದಾಗ ಮಾತ್ರ. ಉಳಿದ ಹೊತ್ತೆಲ್ಲ ಅವರು, ಗೋಡೆಯ ಮೇಲಿನ ಆ ಹಾಳೆಗಳು, ಪ್ರಾರ್ಥನೆ.